ಅಕ್ಕನೋ, ತಂಗಿಯೋ

ನವೆಂಬರ್ ಕೊನೆಯ ವಾರ ಅಕ್ಷತಾಗೆ ಬಂದ ಇಮೇಲಿನಲ್ಲಿ ನಮಸ್ಕಾರವೂ ಇರಲಿಲ್ಲ, ಪೀಠಿಕೆಯೂ ಇರಲಿಲ್ಲ.

"ಮೇಡಂ, ನಿಮ್ಮ ಹೊಸ ಅಪ್‌ಡೇಟ್ ಬಂದ ಮೇಲೆ ನನಗೆ ಏನೂ ಕೇಳಿಸುತ್ತಿಲ್ಲ. ಚಿತ್ರ, ಚಿತ್ರ, ಬಟನ್, ಚಿತ್ರ. ಇಷ್ಟೇ ಹೇಳುತ್ತೆ. ಹಳೆಯದರಲ್ಲಿ ಪಟ್ಟಿಯಾದರೂ ಇತ್ತು. ದಯವಿಟ್ಟು ಪಟ್ಟಿ ವಾಪಸ್ ಕೊಡಿ. ರವಿಚಂದ್ರ."

ಅಕ್ಷತಾ ಮೈಸೂರಿನ ಒಂದು ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದಳು. ಮೂವತ್ತಮೂರು ವರ್ಷ. ದಟ್ಟಗಳ್ಳಿಯಲ್ಲಿ ಅಪ್ಪ ಚಂದ್ರಮೌಳಿಯವರ ಜೊತೆ ವಾಸ. ಅವರಿಗೆ ಲಷ್ಕರ್ ಮೊಹಲ್ಲಾದಲ್ಲಿ ಪುಸ್ತಕ ಬೈಂಡ್ ಮಾಡುವ ಪುಟ್ಟ ಅಂಗಡಿಯಿತ್ತು. ಊರಿನ ಮಠಗಳ ಹಳೆಯ ಪುಸ್ತಕಗಳೆಲ್ಲ ಅವರ ಕೈಯಲ್ಲೇ ರಟ್ಟು ಹಾಕಿಸಿಕೊಳ್ಳುತ್ತಿದ್ದವು. ಬೆಳಿಗ್ಗೆ ಅಪ್ಪ ಸ್ನಾನ ಮುಗಿಸಿ ಪೂಜೆಗೆ ಕೂತ ಹೊತ್ತಿಗೆ ಅಕ್ಷತಾ ಕಂಪ್ಯೂಟರ್ ಮುಂದೆ ಕೂರುತ್ತಿದ್ದಳು. ಅದು ಕಾಲೇಜಿನ ಕೆಲಸವಲ್ಲ. ಸಂಬಳ ಬರುವ ಕೆಲಸವೂ ಅಲ್ಲ.

'ಕೈರ್ನ್‌ಲ್ಯಾಂಡ್ಸ್' ಎಂದು ಒಂದು ಕಂಪ್ಯೂಟರ್ ಆಟ. ಆಡುವುದಕ್ಕೆ ಮೊದಲು ಆ ಆಟ ತಾನೇ ಒಂದು ಲೋಕ ಹುಟ್ಟಿಸುತ್ತದೆ. ಬೆಟ್ಟ, ನದಿ, ಊರು, ಜನ. ಆಮೇಲೆ ಆ ಲೋಕದಲ್ಲಿ ಐನೂರೋ ಸಾವಿರವೋ ವರ್ಷ ಕಳೆಯುವ ಹಾಗೆ ಮಾಡುತ್ತದೆ. ಯಾರು ಯಾರನ್ನು ಮದುವೆಯಾದರು, ಯಾವ ರಾಜ ಯಾವ ಊರಿಗೆ ಬೆಂಕಿ ಇಟ್ಟ, ಯಾವ ಕುರುಬ ಹಾಡು ಕಟ್ಟಿದ, ಎಲ್ಲವೂ ಒಂದು ಫೈಲಿಗೆ ಬಂದು ಬೀಳುತ್ತದೆ. ಲಕ್ಷಾಂತರ ಸಾಲು, ಮನುಷ್ಯರು ಓದುವಂಥದ್ದಲ್ಲ. ಅದನ್ನು ಓದುವ ಹಾಗೆ ಮಾಡಿಕೊಡಲು ದೂರದ ದೇಶದವನೊಬ್ಬ 'ವರ್ಲ್ಡ್‌ರೀಡರ್' ಎಂಬ ಪ್ರೋಗ್ರಾಂ ಬರೆದು ಪುಕ್ಕಟೆಯಾಗಿ ಹಂಚಿದ್ದ. ಆರು ವರ್ಷದ ಹಿಂದೆ ಅಕ್ಷತಾ ಅದರಲ್ಲಿ ಒಂದು ಸಣ್ಣ ತಪ್ಪು ತಿದ್ದಿ ಕಳಿಸಿದ್ದಳು. "ನನಗೆ ಮಗು ಹುಟ್ಟಿದೆ, ಪುರುಸೊತ್ತಿಲ್ಲ, ಇನ್ನು ಮುಂದೆ ನೀನೇ ನೋಡಿಕೊಳ್ಳುತ್ತೀಯಾ?" ಎಂದು ಅವನು ಇಡೀ ಪ್ರೋಗ್ರಾಮನ್ನೇ ಅವಳ ಕೈಗಿಟ್ಟುಬಿಟ್ಟ. ಅಂದಿನಿಂದ ಪ್ರಪಂಚದ ಎಲ್ಲೆಲ್ಲಿನ ಆಟಗಾರರೋ ಅವಳಿಗೆ ದೂರು ಬರೆಯುತ್ತಿದ್ದರು. ಅವಳಿಗೆ ಅದು ಖುಷಿಯ ವಿಷಯವೇ ಆಗಿತ್ತು.

ರವಿಚಂದ್ರನ ಪತ್ರ ಮಾತ್ರ ಅವಳಿಗೆ ಹಿಡಿಸಲಿಲ್ಲ. ಆ ಹೊಸ ಅಪ್‌ಡೇಟಿಗಾಗಿ ಅವಳೂ ಯೋನಾಸ್ ಎಂಬ ವಿದೇಶಿ ವಿದ್ಯಾರ್ಥಿಯೂ ಎಂಟು ತಿಂಗಳು ದುಡಿದಿದ್ದರು. ಒಣಕಲು ಪಟ್ಟಿಯ ಜಾಗದಲ್ಲಿ ಬಣ್ಣಬಣ್ಣದ ನಕ್ಷೆ ಬಂದಿತ್ತು. ಸೈನ್ಯಗಳು ಆ ನಕ್ಷೆಯ ಮೇಲೆ ಚುಕ್ಕಿಗಳಾಗಿ ನಡೆಯುತ್ತಿದ್ದವು. ವಂಶವೃಕ್ಷ ಕೊಂಬೆ ಬಿಡಿಸಿಕೊಂಡು ತೆರೆಯುತ್ತಿತ್ತು. ಎಲ್ಲರೂ ಹೊಗಳಿದ್ದರು. ಅವಳು ಒಂದೇ ಸಾಲು ಉತ್ತರ ಬರೆದಳು: ಹಳೆಯದನ್ನೇ ಬಳಸಿ.

ಅರ್ಧ ಗಂಟೆಯಲ್ಲಿ ಮರುಪತ್ರ ಬಂತು. "ಹಳೆಯದರಲ್ಲಿ ಹೊಸ ಲೋಕಗಳು ತೆರೆಯುವುದಿಲ್ಲ ಮೇಡಂ. ನನಗೆ ಕಣ್ಣು ಕಾಣುವುದಿಲ್ಲ. ಸ್ಕ್ರೀನ್ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಇಟ್ಟುಕೊಂಡು ಬಳಸುತ್ತೇನೆ. ನಾನೂ ಮೈಸೂರಿನವನೇ, ಹೂಟಗಳ್ಳಿ. ಬಂದು ನೋಡಿ ಅನ್ನುವುದಿಲ್ಲ. ಒಂದು ಸಲ ಬಂದು ಕೇಳಿ."

ಅಕ್ಷತಾಳ ಕಿವಿ ಬಿಸಿಯಾಯಿತು. ಕಣ್ಣು ಕಾಣದವರೂ ಈ ಪ್ರೋಗ್ರಾಂ ಬಳಸಬಹುದು ಎಂಬುದು ಇದುವರೆಗೆ ಒಮ್ಮೆಯೂ ಅವಳಿಗೆ ಹೊಳೆದಿರಲಿಲ್ಲ.

ಶನಿವಾರ ಮಧ್ಯಾಹ್ನ ಸ್ಕೂಟರ್ ಹತ್ತಿ ಹೂಟಗಳ್ಳಿಗೆ ಹೋದಳು. ಕಾರ್ಖಾನೆಗಳ ಹಿಂದಿನ ಬಡಾವಣೆ, ಮೊದಲನೇ ಮಹಡಿ. ಬಾಗಿಲು ತೆರೆದದ್ದು ರವಿಚಂದ್ರನ ತಾಯಿ ಪುಟ್ಟತಾಯಮ್ಮ. ಸೆರಗಿಗೆ ಕೈ ಒರೆಸಿಕೊಂಡು, "ಕಂಪ್ಯೂಟ್ರವ್ವ ನೀನೇಯ? ಬಾ ಮಗ, ಕುಂತ್ಕೊ. ಕಾಫಿ ಕುಡೀತೀಯ, ಟೀನೋ?" ಅಂದರು. ಹಾಲ್‌ನಲ್ಲಿ ಒಂದು ಮೊರದ ತುಂಬ ನೆನೆಸಿದ ಅವರೆಕಾಳು.

ರವಿಚಂದ್ರ ಅವಳಿಗಿಂತ ಒಂದು ವರ್ಷ ದೊಡ್ಡವನು. ಅಲ್ಲೇ ಪಕ್ಕದ ಒಂದು ಕಾರ್ಖಾನೆಯಲ್ಲಿ ಏಳು ವರ್ಷ ಲೋಹ ಕಡೆಯುವ ಲೇತ್ ಮೆಷಿನ್ ಓಡಿಸಿದ್ದ. ಇಪ್ಪತ್ತೆಂಟರಲ್ಲಿ ನೋಟದ ಅಂಚುಗಳು ಮಬ್ಬಾಗುತ್ತ ಬಂದು, ಮೂವತ್ತೊಂದಕ್ಕೆ ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ಈಗ ಒಂದು ಡಯಾಗ್ನೋಸ್ಟಿಕ್ ಸೆಂಟರಿನಲ್ಲಿ ಫೋನ್ ಎತ್ತುವ ಕೆಲಸ. ಇದೆಲ್ಲವನ್ನೂ ಅವನು ಬೇರೆ ಯಾರದೋ ವಿಷಯ ಹೇಳುವ ಹಾಗೆ ಎರಡು ನಿಮಿಷದಲ್ಲಿ ಹೇಳಿ ಮುಗಿಸಿದ.

"ಕಣ್ಣಿದ್ದಾಗ್ಲಿಂದ ಈ ಆಟ ಆಡ್ತಿದ್ದೆ ಮೇಡಂ. ಈಗ ಆಡಕ್ಕಾಗಲ್ಲ. ಆದ್ರೆ ಲೋಕ ಹುಟ್ಸಿ, ಅದ್ರ ಚರಿತ್ರೆ ಕೇಳ್ಬೋದಲ್ಲ? ನಿಮ್ಮ ಪ್ರೋಗ್ರಾಂ ಇತ್ತಲ್ಲ, ಅದ್ರಿಂದ. ಬನ್ನಿ, ಇಲ್ಲಿ ಕೂತ್ಕೊಳಿ. ಕಣ್ಣು ಮುಚ್ಕೊಳಿ. ಓದ್ರಿ ಅಂತ ಒಬ್ಳು ರಾಣಿ ಇದಾಳೆ, ಅವಳು ಯಾವ ವರ್ಷ ಸತ್ಲು ಹುಡುಕಿ."

ಅಕ್ಷತಾ ಕಣ್ಣು ಮುಚ್ಚಿ ಕೀಬೋರ್ಡ್ ಮೇಲೆ ಬೆರಳಿಟ್ಟಳು. ಯಂತ್ರದ ದನಿ ಬಡಬಡಿಸಿತು. ಚಿತ್ರ. ಬಟನ್. ಬಟನ್. ಚಿತ್ರ. ಅವಳೇ ಬರೆದ ಪ್ರೋಗ್ರಾಂ, ಎಲ್ಲಿ ಏನಿದೆ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಇಪ್ಪತ್ತು ನಿಮಿಷ ತಡಕಾಡಿದರೂ ಓದ್ರಿ ಸಿಗಲಿಲ್ಲ. ಕಣ್ಣು ಬಿಟ್ಟಾಗ ಹಣೆ ಬೆವರಿತ್ತು. ರವಿಚಂದ್ರ ಹಳೆಯ ಪ್ರೋಗ್ರಾಮಿನಲ್ಲಿ ಬೇರೊಂದು ಲೋಕ ತೆರೆದು, ಅಲ್ಲಿನ ಒಬ್ಬ ರಾಜನ ಸಾವನ್ನು ನಾಲ್ಕು ನಿಮಿಷದಲ್ಲಿ ಹುಡುಕಿ ತೋರಿಸಿದ.

"ಸಾರಿ," ಅಂದಳು ಅಕ್ಷತಾ.

ಅವರೆಕಾಳು ಹಿದುಕುತ್ತಿದ್ದ ಪುಟ್ಟತಾಯಮ್ಮ ಅಲ್ಲಿಂದಲೇ ಕೇಳಿದರು: "ಏನಂತ್ಲಾ? ಆ ಓದ್ರಿ ಸಿಕ್ಕುದ್ಲಾ?"

ರವಿಚಂದ್ರ ನಕ್ಕ. "ನಮ್ಮಮ್ಮನಿಗೆ ಇದೇ ಟೀವಿ ಮೇಡಂ. ದಿನಾ ಸಂಜೆ ಇಂಗ್ಲಿಷಿನಲ್ಲಿ ಕೇಳಿ ಕನ್ನಡದಲ್ಲಿ ಹೇಳ್ಬೇಕು ನಾನು. ಆಟಾನೂ ಅಪ್‌ಡೇಟ್ ಆದ್ಮೇಲೆ ಈ ಓದ್ರಿ ಲೋಕ ಹಳೇದ್ರಲ್ಲಿ ತೆರೀತಿಲ್ಲ, ಕಥೆ ಅರ್ಧಕ್ಕೆ ನಿಂತಿದೆ, ಹದಿನೈದು ದಿನದಿಂದ ಬೈಸ್ಕೋತಿದೀನಿ."

ಅಲ್ಲಿಯವರೆಗೆ ಕೇಳಿದ್ದ ಕಥೆ ಇಷ್ಟು. ವಾಮಾರ್ ಎಂಬ ನದಿದಂಡೆಯ ಊರಿಗೆ ಓದ್ರಿ ರಾಣಿ. ಒಂದು ವರ್ಷ ನದಿ ಉಕ್ಕಿ ಕೆಳಗಿನ ಹಳ್ಳಿಗಳು ಮುಳುಗಿದವು. ಅಲ್ಲಿದ್ದ ಅವಳ ಒಡಹುಟ್ಟಿದವಳು ಕೆಸಿರಾ ನೂರಾರು ಜನರನ್ನು ಕರೆದುಕೊಂಡು ವಾಮಾರಿಗೆ ಬಂದರೆ, ಓದ್ರಿ ಕೋಟೆಯ ಬಾಗಿಲು ಹಾಕಿಸಿದಳು. ಕೆಸಿರಾ ಬೆಟ್ಟದ ಮೇಲೆ ಬೇರೆ ಊರು ಕಟ್ಟಿದಳು. ಮೂವತ್ತು ವರ್ಷದ ಮೇಲೆ ಕೆಂಪು ಗೂಳಿ ಎಂಬ ದೈತ್ಯ ಮೃಗದಿಂದ ವಾಮಾರ್ ಹಾಳಾದಾಗ ಓದ್ರಿಯನ್ನು ಒಳಗೆ ಕರೆದುಕೊಂಡವಳು ಅದೇ ಕೆಸಿರಾ.

"ಅದ್ರಲ್ಲಿ ಯಾರು ಅಕ್ಕ, ಯಾರು ತಂಗಿ?" ಪುಟ್ಟತಾಯಮ್ಮ ಅಕ್ಷತಾಳನ್ನೇ ಕೇಳಿದರು. "ಇವ್ನ ಕೇಳುದ್ರೆ ಗೊತ್ತಿಲ್ಲ ಅಂತಾನೆ. ಅಕ್ಕನೋ ತಂಗಿಯೋ ತಿಳೀದೆ ಯಾರ್ದು ತಪ್ಪು ಅಂತ ಎಂಗವ್ವ ಹೇಳದು? ತಂಗಿ ಬಂದು ನಿಂತಾಗ ಅಕ್ಕ ಬಾಗ್ಲಾಕುದ್ರೆ ಅದೊಂದು. ಅಕ್ಕುನ್ಗೇ ತಂಗಿ ಬಾಗ್ಲಾಕುದ್ರೆ ಅದು ಇನ್ನೊಂದು."

"ಪ್ರೋಗ್ರಾಂನಲ್ಲಿ ಬರೀ ಸಿಬ್ಲಿಂಗ್ ಅಂತಿದೆಯಲ್ಲಮ್ಮ," ಅಂದ ರವಿಚಂದ್ರ. "ಒಡಹುಟ್ಟಿದವರು ಅಂತ ಅಷ್ಟೇ."

"ಹುಟ್ಟಿದ ವರ್ಷ ಫೈಲಲ್ಲಿ ಇರುತ್ತೆ," ಅಕ್ಷತಾ ಮೆಲ್ಲಗೆ ಅಂದಳು. "ನಾವು ಅದನ್ನ ಬಳಸೇ ಇಲ್ಲ."

ಆ ದಿನ ಅವಳು ಒಂದು ಮಾತು ಕೊಟ್ಟು ಬಂದಳು. ಪಟ್ಟಿ ಮಾತ್ರವಲ್ಲ, ಕೇಳುವ ಹಾಗೆ ಇಡೀ ಚರಿತ್ರೆಯನ್ನು ಹೊಸದಾಗಿ ಕೂರಿಸಿಕೊಡುತ್ತೇನೆ, ಕನ್ನಡದಲ್ಲೂ.

ಕೊಟ್ಟ ಮಾತು ಎಷ್ಟು ದೊಡ್ಡದು ಎಂಬುದು ಮರುದಿನ ಬೆಳಿಗ್ಗೆ ಗೊತ್ತಾಯಿತು. ಇಂಗ್ಲಿಷ್ ವಾಕ್ಯಗಳಿಗೆ ಒಂದೊಂದಾಗಿ ಕನ್ನಡ ವಾಕ್ಯ ಕೂರಿಸಿ, ಹೆಸರು ಬರುವ ಜಾಗ ಖಾಲಿ ಬಿಟ್ಟಳು. ಎರಡು ವಾರ ಬಿಟ್ಟು ಹೂಟಗಳ್ಳಿಗೆ ತೆಗೆದುಕೊಂಡು ಹೋಗಿ ಹಾಕಿದಾಗ ಯಂತ್ರ ಹೀಗೆ ಓದಿತು: "ವಾಮಾರ್ ಪಟ್ಟಣವು ಕೆಂಪು ಗೂಳಿಯಿಂದ ನಾಶಮಾಡಲ್ಪಟ್ಟಿತು. ಓದ್ರಿ ಅನ್ನು ಕೆಸಿರಾ ಇಂದ ಸ್ವೀಕರಿಸಲಾಯಿತು."

ಪುಟ್ಟತಾಯಮ್ಮ ಕೈಯಲ್ಲಿದ್ದುದನ್ನು ಕೆಳಗಿಟ್ಟು ನಗತೊಡಗಿದರು. "ಇದೇನವ್ವ ಇದು, ತಾಲ್ಲೂಕಾಫೀಸಿಂದ ನೋಟೀಸ್ ಬಂದಂಗದೆ! ಯಾರು ಯಾರ್ನ ಏನ್ ಮಾಡುದ್ರು?"

"ಕೆಂಪು ಗೂಳಿ ಬಂದು ಊರು ಹಾಳು ಮಾಡ್ತು, ಅಮ್ಮ," ಅಂದ ರವಿಚಂದ್ರ.

"ಅಂಗೇ ಹೇಳು ಮತ್ತೆ! ಕೆಂಪು ಗೂಳಿ ಬಂತು, ವಾಮಾರೂರ್ನ ಹಾಳ್ಮಾಡ್ತು. ಕೆಸಿರಾ ಓದ್ರೀನ ಒಳೀಕೆ ಕರ್ಕಂಡ್ಳು. ಅಷ್ಟೇಯ."

ಅಕ್ಷತಾಳೂ ನಕ್ಕಳು. ಮನೆಗೆ ಹೋಗಿ ಎಲ್ಲ ವಾಕ್ಯಗಳನ್ನೂ ಒಡೆದು ಹಾಕಿದಳು. ಮಾಡಿದವರು ಮೊದಲು, ಮಾಡಿದ್ದು ಕೊನೆಗೆ. ಹೆಸರಿನ ಕೊನೆಯ ಅಕ್ಷರ ನೋಡಿ ಪ್ರತ್ಯಯ ಹಚ್ಚುವ ನಿಯಮ ಬರೆದಳು. ಓದ್ರಿಯನ್ನು, ಕೆಸಿರಾಳನ್ನು, ವಾಮಾರನ್ನು. ಇಂಗ್ಲಿಷಿನಲ್ಲಿ ಒಂದೇ ಒಂದು 'ಅಂಕಲ್' ಇದ್ದ ಕಡೆ ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಎಂದು ಬೇರೆ ಬೇರೆ ಮಾಡಿದಳು. ಅದಕ್ಕೆ ಅಪ್ಪನ ವಯಸ್ಸು, ಅಮ್ಮನ ತವರು ಎಲ್ಲವನ್ನೂ ಪ್ರೋಗ್ರಾಂ ಕೆದಕಿ ನೋಡಬೇಕಾಯಿತು. ಹಾಗೆ ಕೆದಕಿದ ಮೇಲೆ ಹಳೆಯ ಲೋಕಗಳಲ್ಲಿ ಎಂದೂ ಕಾಣದ ಸಂಗತಿಗಳು ಕಾಣತೊಡಗಿದವು. ಒಬ್ಬ ರಾಜ ಕೊಂದದ್ದು ಬರೀ ಒಬ್ಬ ಸಂಬಂಧಿಕನನ್ನಲ್ಲ, ತನ್ನನ್ನು ಸಾಕಿದ ಸೋದರಮಾವನನ್ನು.

ಗೌರವದ ವಿಷಯ ಇನ್ನೊಂದು ತಕರಾರು. ರಾಣಿಗೆ 'ಬಂದಳು' ಅನ್ನಬೇಕೋ 'ಬಂದರು' ಅನ್ನಬೇಕೋ?

"ಪಟ್ಟಕ್ಕೆ ಕೂತವರಿಗೆ ಏಕವಚನ ಹೇಗಮ್ಮ?" ಅಂದರು ಚಂದ್ರಮೌಳಿ, ತಿಂಡಿ ತಿನ್ನುತ್ತ. "ಪಟ್ಟ ಕಟ್ಟಿದ ದಿನದಿಂದ ಬಹುವಚನ ಹಾಕು."

ಪುಟ್ಟತಾಯಮ್ಮ ಒಪ್ಪಲಿಲ್ಲ. "ಊರ್ ಸುಟ್ಟೋನ್ಗೆ ಏನು ಬಂದ್ರು ಹೋದ್ರು? ಬ್ಯಾಡ. ಕುರಿ ಕಾಯ್ಕಂಡು ಹಾಡ್ ಕಟ್ಟುದ್ನಲ್ಲ, ಅವುನ್ಗೆ ಅನ್ನು."

ಯಾರ ಮಾತು ಕೇಳುವುದೆಂದು ಅಕ್ಷತಾ ವಾರಗಟ್ಟಲೆ ಒದ್ದಾಡಿದಳು. ಕೊನೆಗೆ ದಾರಿ ತೋರಿಸಿದವನು ರವಿಚಂದ್ರ. "ಕೇಳೋರಿಗೇ ಬಿಟ್ಬಿಡಿ ಮೇಡಂ. ಒಂದು ಕೀ ಇಡಿ. ಯಾರ ಹೆಸರು ಬಂದಾಗ ಒತ್ತಿದ್ರೆ ಅವರಿಗೆ ಗೌರವ. ಇನ್ನೊಂದ್ಸಲ ಒತ್ತಿದ್ರೆ ಇಲ್ಲ."

ಈ ಕೆಲಸದ ನಡುವೆಯೇ ಯೋನಾಸ್ ಮುನಿಸಿಕೊಂಡ. ಪ್ರೋಗ್ರಾಂ ತೆರೆದ ತಕ್ಷಣ ನಕ್ಷೆಯ ಬದಲು ಬರಹ ಬರಬೇಕು, ನಕ್ಷೆ ಬೇಕಾದವರು ಅದನ್ನು ಆಮೇಲೆ ತೆರೆದುಕೊಳ್ಳಲಿ ಎಂದು ಅಕ್ಷತಾ ಬರೆದದ್ದೇ ತಡ, "ನನ್ನ ಎಂಟು ತಿಂಗಳ ಕೆಲಸವನ್ನು ಮೂಲೆಗೆ ತಳ್ಳುತ್ತಿದ್ದೀರಿ. ಯಾರೋ ಒಬ್ಬರಿಗಾಗಿ ಎಲ್ಲರನ್ನೂ ಕಾಯಿಸುತ್ತಿದ್ದೀರಿ," ಎಂದು ಬರೆದು ಹೊರಟೇಹೋದ. ಬೇರೆ ಬಳಕೆದಾರರೂ ಗೊಣಗಿದರು. ನಕ್ಷೆಯಲ್ಲಿ ಸೈನ್ಯಗಳು ಕೆಲವು ಸಲ ಹಿಂದುಮುಂದಾಗಿ ನಡೆಯುತ್ತವೆ, ಅದನ್ನು ಮೊದಲು ಸರಿಮಾಡುವುದು ಬಿಟ್ಟು ಇದೇನು ಎಂದರು. ಅಕ್ಷತಾಗೆ ನೋವಾಯಿತು. ಯೋನಾಸನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಕೆಲಸ ಶುರುವಾದದ್ದು ಒಬ್ಬನಿಗಾಗಿಯೇ. ಒಂದು ವಾರ ಅವಳು ಕಂಪ್ಯೂಟರ್ ಮುಟ್ಟಲಿಲ್ಲ. ಬೆಳಿಗ್ಗೆ ಎದ್ದು ಅಪ್ಪನಿಗೆ ಹೂ ಬಿಡಿಸಿಕೊಟ್ಟು, ಸುಮ್ಮನೆ ಬಾಗಿಲಲ್ಲಿ ಕೂರುತ್ತಿದ್ದಳು. ಎಂಟನೇ ದಿನ ಮತ್ತೆ ಶುರುಮಾಡಿದಳು. ಬಿಟ್ಟರೆ ಹೂಟಗಳ್ಳಿಗೆ ಹೋಗಿ ಏನು ಹೇಳುವುದು?

ಫೆಬ್ರವರಿಯಲ್ಲಿ ಅಕ್ಕ, ತಂಗಿ, ಅಣ್ಣ, ತಮ್ಮ ಸೇರಿಸಿದ ಪ್ರೋಗ್ರಾಮನ್ನು ರವಿಚಂದ್ರನಿಗೆ ಕಳಿಸಿದಳು. ಮಾರನೆಯ ದಿನ ಲ್ಯಾಬ್‌ನಲ್ಲಿ ಅರವತ್ತು ಹುಡುಗರ ಪ್ರಾಕ್ಟಿಕಲ್ ನಡೆಯುತ್ತಿರುವಾಗ ಫೋನ್ ಬಂತು. ಹೊರಗೆ ಹೋಗಿ ಎತ್ತಿದಳು.

"ಮೇಡಂ, ಒಂದ್ ನಿಮಿಷ ಕೇಳಿ," ಅಂದ ರವಿಚಂದ್ರ. ಹಿಂದಿನಿಂದ ಯಂತ್ರದ ದನಿ: "ಕೆಸಿರಾ ಓದ್ರಿಯ ತಂಗಿ." ಒಂದು ಕೀ ಒತ್ತಿದ ಸದ್ದು. "ಓದ್ರಿ ಕೆಸಿರಾಳ ತಂಗಿ."

"ಇಬ್ರೂ ತಂಗೀರಾ?"

"ಇಬ್ರೂ ತಂಗೀರೇ! ಅಮ್ಮ ಬೆಳಿಗ್ಗೆಯಿಂದ ನಿಮ್ಮ ಪ್ರೋಗ್ರಾಮಿಗೆ ಮಂಗಳಾರತಿ ಮಾಡ್ತಿದಾರೆ."

ಏನಾಗಿದೆಯೆಂದು ಅಕ್ಷತಾಗೆ ನಿಂತಲ್ಲೇ ಹೊಳೆಯಿತು. ಮೊದಲಿನ ವರ್ಷದಲ್ಲಿ ಹುಟ್ಟಿದ್ದರೆ ಅಕ್ಕ, ಇಲ್ಲದಿದ್ದರೆ ತಂಗಿ ಎಂದು ಬರೆದಿದ್ದಳು. ಇಬ್ಬರೂ ಹುಟ್ಟಿದ್ದು ಒಂದೇ ವರ್ಷ. ಹಾಗಾಗಿ ಒಬ್ಬರಿಗೊಬ್ಬರು ತಂಗಿಯರು. ವರ್ಷ ಒಂದೇ ಆದರೆ ತಿಂಗಳು ನೋಡಬೇಕು. ಆದರೆ ಫೈಲಿನಲ್ಲಿ ತಿಂಗಳು ಎಂಬುದೇ ಇರಲಿಲ್ಲ.

ಇದ್ದದ್ದು ಬೇರೊಂದು ಸಂಖ್ಯೆ. ಪ್ರತಿ ಘಟನೆಯ ಮುಂದೆ ವರ್ಷ, ಅದರ ಪಕ್ಕದಲ್ಲಿ ಐದಾರು ಅಂಕಿಯ ಇನ್ನೊಂದು ಸಂಖ್ಯೆ. ಅದರ ಬಗ್ಗೆ ಪ್ರೋಗ್ರಾಂ ಮೊದಲು ಬರೆದವನು ಅದರೊಳಗೇ ಒಂದು ಟಿಪ್ಪಣಿ ಬರೆದಿಟ್ಟಿದ್ದ: "ಇದೇನೋ ಗೊತ್ತಿಲ್ಲ, ಬಿಟ್ಟುಬಿಡಿ." ಆರು ವರ್ಷದಿಂದ ಅಕ್ಷತಾಳೂ ಅದನ್ನು ಬಿಟ್ಟೇ ಬಂದಿದ್ದಳು. ಆ ಶನಿವಾರ ರವಿಚಂದ್ರನಿಗೆ ಅದನ್ನು ಹೇಳಿದಳು.

"ಆ ಸಂಖ್ಯೆಗಳನ್ನೇ ಓದಿಸಿ ನೋಡೋಣ," ಅಂದ ಅವನು. "ಮೆಷಿನ್ ಮುಂದೆ ಏಳು ವರ್ಷ ಬರೀ ಅಂಕಿ ನೋಡ್ಕೊಂಡಿದ್ದೆ ಮೇಡಂ. ಒಂದು ಅಳತೆ ಅಂದ್ಮೇಲೆ ಅದಕ್ಕೊಂದು ಕೊನೆ ಇರ್ಲೇಬೇಕು."

ಅಕ್ಷತಾ ಬರೀ ಸುಗ್ಗಿಯ ಘಟನೆಗಳನ್ನು ಆರಿಸಿ ಕೊಟ್ಟಳು. ಯಂತ್ರ ಓದುತ್ತ ಹೋಯಿತು, ಅವನು ತಲೆ ಬಗ್ಗಿಸಿ ಕೇಳುತ್ತ ಹೋದ. ಅವಳ ಕಿವಿಗೆ ಅದು ಮಳೆ ಬಿದ್ದ ಸದ್ದಿನಂತೆ ಒಂದೇ ಸಮ ಕೇಳುತ್ತಿತ್ತು, ಅಷ್ಟು ವೇಗ. ಐದು ನಿಮಿಷದ ಮೇಲೆ ಅವನು ಕೈ ಎತ್ತಿದ.

"ಯಾವ ವರ್ಷ ಆದ್ರೂ ಸುಗ್ಗಿ ಎರಡು ಲಕ್ಷ ನಲವತ್ತು ಸಾವಿರದ ಮೇಲೇ ಬರುತ್ತೆ. ಎರಡು ಲಕ್ಷ ಎಂಬತ್ತು ಸಾವಿರ ದಾಟಲ್ಲ. ಈಗ ಹಿಮ ಬಿದ್ದಿದ್ದು ಹಾಕಿ."

ಹಿಮವೆಲ್ಲ ಮೂರು ಲಕ್ಷದ ಆಸುಪಾಸು. ಆಮೇಲೆ ಎಲ್ಲ ಘಟನೆಗಳನ್ನೂ ಹಾಕಿ, ಅತಿ ದೊಡ್ಡ ಸಂಖ್ಯೆ ಯಾವುದೆಂದು ಅಕ್ಷತಾ ಹುಡುಕಿದಳು. ಸಾವಿರ ವರ್ಷದಲ್ಲಿ ಒಂದಾದರೂ ಮೂರು ಲಕ್ಷದ ಮೂವತ್ತಾರು ಸಾವಿರ ಮುಟ್ಟಿರಲಿಲ್ಲ.

"ಆಟದಲ್ಲಿ ತಿಂಗಳಿಗೆ ಇಪ್ಪತ್ತೆಂಟು ದಿನ ಅಲ್ವಾ?" ರವಿಚಂದ್ರ ನಿಧಾನವಾಗಿ ಅಂದ. "ಹನ್ನೆರಡು ತಿಂಗಳಿಗೆ…"

"ಮುನ್ನೂರ ಮೂವತ್ತಾರು!" ಅಕ್ಷತಾ ಕುರ್ಚಿಯಿಂದ ಎದ್ದೇಬಿಟ್ಟಳು. "ದಿನಕ್ಕೆ ಸಾವಿರ! ರವಿ, ಇದು ದಿನ ಕಣ್ರೀ. ಇಷ್ಟು ವರ್ಷ ನಮ್ಮ ಕಣ್ಣೆದುರಿಗೇ ಇತ್ತು!"

"ನಿಮ್ಮ ಕಣ್ಣೆದುರಿಗೆ," ಅಂದ ಅವನು, ಮುಖದ ತುಂಬ ನಗುತ್ತ.

ಆ ಮನೆಯಲ್ಲಿ ಕೂತೇ ಅವಳು ಲೆಕ್ಕ ಹಾಕಿ ನೋಡಿದಳು. ಕೆಸಿರಾ ಮೊದಲು ಹುಟ್ಟಿದವಳು. ಓದ್ರಿ ಹುಟ್ಟಿದ್ದು ಅವಳಿಗಿಂತ ನಲವತ್ತು ದಿನ ತಡವಾಗಿ.

"ನಲವತ್ ದಿನ್ವಾ?" ಅಡುಗೆಮನೆಯಿಂದ ಪುಟ್ಟತಾಯಮ್ಮ ಈಚೆಗೆ ಬಂದರು. "ಒಬ್ಳೇ ತಾಯ್ಗೆ ನಲವತ್ ದಿನ್ದಲ್ಲಿ ಎಲ್ಡ್ ಮಕ್ಳು ಎಂಗ್ಲಾ ಆಯ್ತವೆ? ತಾಯಿ ಯಾರು ನೋಡ್ರಿ."

ನೋಡಿದರು. ಅಪ್ಪ ಒಬ್ಬನೇ. ತಾಯಂದಿರು ಇಬ್ಬರು. ಹಿರಿಯ ರಾಣಿಯ ಮಗಳು ಓದ್ರಿ, ಕಿರಿಯವಳ ಮಗಳು ಕೆಸಿರಾ.

ಪುಟ್ಟತಾಯಮ್ಮ ನೆಲದ ಮೇಲೆ ಕೂತರು. "ಅದ್ಕೇಯ," ಅಂದರು. "ಪಟ್ಟ ನ್ಯಾಯ್ವಾಗಿ ಕೆಸಿರಾಗೆ ಬರಬೇಕಿತ್ತು. ಅದು ಓದ್ರೀಗೆ ಗೊತ್ತಿತ್ತು. ಅಷ್ಟು ಜನ ಕಟ್ಕಂಡು ಬಾಗ್ಲಿಗೆ ಬಂದ್ಲಲ್ಲ, ಕಿತ್ಕೊಳಾಕೇ ಬಂದವ್ಳೆ ಅಂದ್ಕಂಡು ಎದುರ್ಕೊಂಡ್ಬುಟ್ಳು ಪಾಪ. ನಾನು ಮೂರ್ ತಿಂಗ್ಳಿಂದ ಅವ್ಳ ಬೈಕೊಂಡೇ ಇದ್ದೀನಿ."

ಆರು ವರ್ಷದಲ್ಲಿ ಅಕ್ಷತಾ ಸಾವಿರಾರು ರಾಜರಾಣಿಯರ ಹೆಸರು ನೋಡಿದ್ದಳು. ಅವರಲ್ಲೊಬ್ಬರನ್ನು ಪಾಪ ಅಂದವರನ್ನು ನೋಡಿದ್ದು ಇದೇ ಮೊದಲು.

ದಿನಗಳು ಸಿಕ್ಕಿದ ಮೇಲೆ ಪ್ರೋಗ್ರಾಮಿನ ಎಷ್ಟೋ ಹಳೆಯ ಕಾಯಿಲೆಗಳು ತಾವಾಗಿಯೇ ವಾಸಿಯಾದವು. ಅಲ್ಲಿಯವರೆಗೆ ಒಂದು ವರ್ಷದೊಳಗಿನ ಘಟನೆಗಳು ಗುಡ್ಡೆ ಹಾಕಿದಂತೆ ಬಿದ್ದಿರುತ್ತಿದ್ದವು. ಸತ್ತವನು ಮರುಸಾಲಿನಲ್ಲಿ ಮದುವೆಯಾಗುತ್ತಿದ್ದ, ಕಟ್ಟುವುದಕ್ಕೆ ಮೊದಲೇ ಕೋಟೆ ಬೀಳುತ್ತಿತ್ತು. ಈಗ ಎಲ್ಲವೂ ನಡೆದ ಕ್ರಮದಲ್ಲೇ ಕೂತವು. ನಕ್ಷೆಯ ಮೇಲೆ ಹಿಂದುಮುಂದಾಗಿ ನಡೆಯುತ್ತಿದ್ದ ಸೈನ್ಯಗಳು ಸರಿಯಾಗಿ ಮುಂದಕ್ಕೆ ನಡೆದವು. ಅಕ್ಷತಾ ಅದನ್ನು ಯೋನಾಸನಿಗೆ ಕಳಿಸಿದಳು. ಜೊತೆಗೆ, ಈ ಸಂಖ್ಯೆಯ ಗುಟ್ಟು ಬಿಡಿಸಿದವರು ಯಾರು, ಹೇಗೆ ಎಂದೂ ಬರೆದಳು. ಐದನೇ ದಿನ ಯೋನಾಸ್ ಪತ್ರ ಬರೆಯಲಿಲ್ಲ, ಕೆಲಸವನ್ನೇ ಕಳಿಸಿದ: ಬಾಣದ ಕೀ ಒತ್ತಿ ನಕ್ಷೆಯ ಮೇಲೆ ನಡೆದರೆ, ಯಾವ ಊರು, ಅದರ ಉತ್ತರಕ್ಕೆ ಏನು, ನದಿ ಎಷ್ಟು ದೂರ ಎಂದು ಮಾತಿನಲ್ಲಿ ಹೇಳುವ ವ್ಯವಸ್ಥೆ. ಕೊನೆಯಲ್ಲಿ ಒಂದು ಸಾಲು: "ರವಿಚಂದ್ರ ಅವರಿಗೆ ಇದು ಸರಿಹೋಗುತ್ತದೆಯೇ ಕೇಳಿ ಹೇಳಿ."

ರವಿಚಂದ್ರ ಅದರಲ್ಲಿ ಹನ್ನೊಂದು ತಪ್ಪು ಹುಡುಕಿದ. ಯೋನಾಸ್ ಹನ್ನೊಂದನ್ನೂ ತಿದ್ದಿದ.

ಏಪ್ರಿಲಿನಲ್ಲಿ ಹೊಸ ಪ್ರೋಗ್ರಾಂ ಎಲ್ಲರಿಗೂ ಬಿಡುಗಡೆಯಾಯಿತು. ಮಾಡಿದವರ ಪಟ್ಟಿಯಲ್ಲಿ ರವಿಚಂದ್ರನ ಹೆಸರಿತ್ತು, ಅವನ ಒತ್ತಾಯದಿಂದ ಪುಟ್ಟತಾಯಮ್ಮನವರ ಹೆಸರೂ ಇತ್ತು. ಅಕ್ಷತಾ ಹೆಚ್ಚೇನೂ ನಿರೀಕ್ಷಿಸಿರಲಿಲ್ಲ. ಮೊದಲ ವಾರದಲ್ಲೇ ಕಣ್ಣು ಕಾಣದ ಒಂಬತ್ತು ಜನ ಬರೆದರು. ಒಬ್ಬಾಕೆ ಪೋಲೆಂಡಿನವಳು, ಒಬ್ಬರು ಧಾರವಾಡದ ಶಾಲಾ ಮೇಷ್ಟರು. ಮೇಷ್ಟರು ತಮ್ಮ ಕಡೆ ಯಾರೂ 'ಚಿಕ್ಕಪ್ಪ' ಅನ್ನುವುದಿಲ್ಲ, 'ಚಿಕ್ಕಪ್ಪ'ನ ಜಾಗದಲ್ಲಿ 'ಕಾಕಾ' ಬೇಕೆಂದು ಜಗಳವನ್ನೇ ತೆಗೆದರು. ಆ ಪತ್ರಗಳಿಗೆಲ್ಲ ಉತ್ತರ ಬರೆಯುವ ಜವಾಬ್ದಾರಿಯನ್ನು ರವಿಚಂದ್ರ ವಹಿಸಿಕೊಂಡ. ಪ್ರೋಗ್ರಾಂ ಮೊದಲು ಬರೆದವನೂ ಎಷ್ಟೋ ವರ್ಷದ ಮೇಲೆ ಪತ್ರ ಬರೆದು, ಆ ಟಿಪ್ಪಣಿ ಬರೆದದ್ದಕ್ಕೆ ಈಗ ನಾಚಿಕೆಯಾಗುತ್ತಿದೆ ಎಂದ. ಅವನ ಮಗು ಈಗ ಶಾಲೆಗೆ ಹೋಗುತ್ತಿತ್ತು.

ಮೇ ತಿಂಗಳಲ್ಲಿ ಇನ್ನೊಂದಾಯಿತು. ಆಸ್ಪತ್ರೆಗಳಲ್ಲಿ ಸರದಿ ಗೊತ್ತುಮಾಡುವ ಆ್ಯಪ್ ತಯಾರಿಸುವ ಒಂದು ಸಣ್ಣ ಕಂಪನಿ ಕುವೆಂಪುನಗರದಲ್ಲಿತ್ತು. ಅಲ್ಲಿನವರೊಬ್ಬರು ಈ ಆಟ ಆಡುವವರು, ಬಿಡುಗಡೆಯ ಟಿಪ್ಪಣಿಯಲ್ಲಿ ರವಿಚಂದ್ರನ ವಿಷಯ ಓದಿದ್ದರು. ತಮ್ಮ ಆ್ಯಪ್ ಕಣ್ಣು ಕಾಣದವರಿಗೆ ಸಲೀಸಾಗಿದೆಯೋ ಇಲ್ಲವೋ ಪರೀಕ್ಷಿಸಿ ಹೇಳಲು ವಾರಕ್ಕೆ ಮೂರು ದಿನ ಬರುತ್ತೀರಾ ಎಂದು ಕೇಳಿದರು. ಫೋನ್ ಇಟ್ಟ ಮೇಲೆ ರವಿಚಂದ್ರ ಅಕ್ಷತಾಗೆ ಸುದ್ದಿ ಹೇಳಿದ. "ತಪ್ಪು ಹುಡುಕಕ್ಕೆ ಕರೀತಿದಾರೆ ಮೇಡಂ. ನಂಗೆ ಕಷ್ಟ ಆದ್ರೆ ಅದೇ ಕೆಲಸ ಅಂತೆ."

"ನನ್ನ ಪ್ರೋಗ್ರಾಂ ಮೇಲೆ ಆರು ತಿಂಗಳು ಕಲ್ತಿದೀರಲ್ಲ, ಬಿಡಬೇಡಿ ಅವರ್ನ," ಅಂದಳು ಅಕ್ಷತಾ.

ಕೆಲಸದ ಮೊದಲ ದಿನ ಅವನನ್ನು ಕರೆದುಕೊಂಡು ಹೋಗಲು ಅವಳೇ ಸ್ಕೂಟರಿನಲ್ಲಿ ಬಂದಳು. ರವಿಚಂದ್ರ ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು, ಬಿಳಿ ಕೋಲು ಮಡಿಸಿ ಹಿಡಿದು ಸಿದ್ಧನಾಗಿದ್ದ. ಆದರೆ ಹೊರಡುವುದಕ್ಕೆ ಅಮ್ಮ ಬಿಡಬೇಕಲ್ಲ. ಹಿಂದಿನ ದಿನವಷ್ಟೇ ಅವನು ಹೊಸ ಲೋಕವೊಂದನ್ನು ಹುಟ್ಟಿಸಿ ಇಟ್ಟಿದ್ದ. ಅದನ್ನು ಹಾಕಿಕೊಟ್ಟು ಹೋಗು ಎಂದು ಪುಟ್ಟತಾಯಮ್ಮ ಕಂಪ್ಯೂಟರ್ ಮುಂದೆ ಸ್ಟೂಲ್ ಎಳೆದುಕೊಂಡು ಕೂತಿದ್ದರು.

"ಇದು ಮುಂದಕ್ಕೆ, ಇದು ಹಿಂದಕ್ಕೆ," ರವಿಚಂದ್ರ ಅವರ ಬೆರಳು ಹಿಡಿದು ಕೀ ಮೇಲಿಟ್ಟ. "ಈ ಉದ್ದಂದು ಒತ್ತಿದ್ರೆ ನಿಲ್ಲುತ್ತೆ. ನಾನ್ ಸಂಜೆ ಬಂದು ಉಳಿದಿದ್ದು ಹೇಳ್ತೀನಿ."

"ನೀನ್ಯಾಕ್ ಹೇಳಿಯೆ? ಅದೇ ಹೇಳ್ತದಲ್ಲ," ಅಂದರು ಅವರು, ಕಣ್ಣು ಪರದೆಯ ಮೇಲೆ ಇಡದೆ, ಕಿವಿಯನ್ನು ಸ್ಪೀಕರ್ ಕಡೆ ಕೊಟ್ಟು. "ನೀವು ಹೊರಡ್ರಿ, ಹೊತ್ತಾಯ್ತು. ಟೊಮೊಟೊ ಬಾತ್ ಡಬ್ಬಿಗೆ ಹಾಕಿವ್ನಿ, ಇಬ್ರಿಗೂ ಅದೆ."

ಅವರು ಕೀ ಒತ್ತಿದರು. ಯಂತ್ರ ನಿಧಾನವಾಗಿ, ಸ್ಪಷ್ಟವಾಗಿ, ಮೊದಲನೇ ವರ್ಷದ ಮೊದಲನೇ ದಿನ ಯಾರೋ ಒಬ್ಬಳು ಹೊಳೆ ದಾಟಿ ಬಂದು ಗುಡಿಸಲು ಹಾಕಿದಳು ಎಂದು ಶುರುಮಾಡಿತು. ಮೆಟ್ಟಿಲಿಳಿಯುತ್ತಿದ್ದ ಇಬ್ಬರಿಗೂ, ಆ ದನಿಯನ್ನು ನಡುವೆ ನಿಲ್ಲಿಸಿ ಪುಟ್ಟತಾಯಮ್ಮ ತಮ್ಮಷ್ಟಕ್ಕೆ ತಾವೇ ಏನೋ ಅಂದು, ಮತ್ತೆ ಮುಂದಕ್ಕೆ ಒತ್ತಿದ್ದು ಕೇಳಿಸಿತು.